ಮೇಲಿನ ಊರಿನ ನೀರು, ಮೇಲಿನ ಕಣ್ಣು: ಉಪಗ್ರಹ ಚಿತ್ರಗಳ ನೆರೆಹೊರೆ ರಾಜಕೀಯ

2025ರ ಜುಲೈ 8ರ ನಸುಕು. ನೇಪಾಳ-ಚೀನಾ ಗಡಿಯ ರಸುವಾಗಢಿಯಲ್ಲಿ ಭೋಟೆಕೋಶಿ ನದಿ ಇದ್ದಕ್ಕಿದ್ದಂತೆ ಉಕ್ಕಿತು. ಎರಡು ದೇಶಗಳನ್ನು ಸೇರಿಸುವ ಮೈತ್ರಿ ಸೇತುವೆ ಕೊಚ್ಚಿಹೋಯಿತು. ಚೀನಾದಿಂದ ಬಂದು ಗಡಿಯಲ್ಲಿ ನಿಂತಿದ್ದ ಎಲೆಕ್ಟ್ರಿಕ್ ಕಾರುಗಳು, ಕಂಟೇನರ್ ಲಾರಿಗಳು ಕೆಸರು ನೀರಿನ ಪಾಲಾದವು. ಜನ ಸತ್ತರು. ಆದರೆ ಆ ರಾತ್ರಿ ಅಲ್ಲಿ ಅಂಥ ದೊಡ್ಡ ಮಳೆಯೇ ಆಗಿರಲಿಲ್ಲ.

ಹಾಗಾದರೆ ನೀರು ಎಲ್ಲಿಂದ ಬಂತು? ಉತ್ತರ ಸಿಕ್ಕಿದ್ದು ಉಪಗ್ರಹ ಚಿತ್ರಗಳಲ್ಲಿ. ಕಠ್ಮಂಡುವಿನಲ್ಲಿ ಇಸಿಮೋಡ್ ಎಂಬ ಸಂಸ್ಥೆಯಿದೆ. ಹಿಮಾಲಯದ ಸುತ್ತಲಿನ ಎಂಟು ದೇಶಗಳು ಸೇರಿ ನಡೆಸುವ ಪರ್ವತ ಅಧ್ಯಯನ ಕೇಂದ್ರ ಅದು. ಅಲ್ಲಿನವರು ಪ್ರವಾಹಕ್ಕೆ ಮುಂಚಿನ ಮತ್ತು ನಂತರದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಗಡಿಯಾಚೆ ಟಿಬೆಟ್‌ನಲ್ಲಿ, ಹಿಮನದಿಯ ಬೆನ್ನ ಮೇಲೆ ಕಟ್ಟಿಕೊಂಡಿದ್ದ ಒಂದು ಕೆರೆ ಬರಿದಾಗಿತ್ತು.

ಆ ಕೆರೆ ಆಕಾಶದಿಂದ ಕಾಣುತ್ತಿತ್ತು. ಕೆಳಗಿನ ಊರಿಗೆ ಮಾತ್ರ ಯಾರೂ ಹೇಳಲಿಲ್ಲ. ನದಿಯ ಮೇಲಿನವರಿಗೆ ಗೊತ್ತಿರುವುದು ಕೆಳಗಿನವರಿಗೆ ಯಾವಾಗ ಗೊತ್ತಾಗುತ್ತದೆ? ಯಾರು ಹೇಳುತ್ತಾರೆ? ಹೇಳಿದ್ದಕ್ಕೆ ಬದಲಾಗಿ ಏನು ಕೇಳುತ್ತಾರೆ? ಏಷ್ಯಾದ ರಾಜತಾಂತ್ರಿಕತೆಯ ಒಂದು ದೊಡ್ಡ ಭಾಗ ಈಗ ಈ ಮೂರು ಪ್ರಶ್ನೆಗಳ ಸುತ್ತ ನಡೆಯುತ್ತಿದೆ.

ನಮಗೂ ಇದರ ರುಚಿ ಸಿಕ್ಕಿದೆ. ಬ್ರಹ್ಮಪುತ್ರ ಟಿಬೆಟ್‌ನಲ್ಲಿ ಹುಟ್ಟಿ ಅರುಣಾಚಲ, ಅಸ್ಸಾಂಗೆ ಇಳಿಯುತ್ತದೆ. 2002ರಿಂದ ಒಂದು ಒಪ್ಪಂದವಿತ್ತು. ಮಳೆಗಾಲದಲ್ಲಿ, ಮೇ 15ರಿಂದ ಅಕ್ಟೋಬರ್ 15ರವರೆಗೆ, ಟಿಬೆಟ್‌ನ ಮೂರು ಮಾಪನ ಕೇಂದ್ರಗಳಲ್ಲಿ ನೀರಿನ ಮಟ್ಟ ಎಷ್ಟಿದೆ ಎಂದು ಚೀನಾ ನಮಗೆ ತಿಳಿಸಬೇಕು. 2017ರಲ್ಲಿ ಡೋಕ್ಲಾಮ್‌ನಲ್ಲಿ ಎರಡೂ ಸೇನೆಗಳು ಎದುರುಬದುರು ನಿಂತವು. ಅದೇ ವರ್ಷ ಆ ಅಂಕಿಗಳು ಬರಲಿಲ್ಲ. ಬಂದಿಲ್ಲ ಎಂದು ಆಗಸ್ಟ್‌ನಲ್ಲಿ ನಮ್ಮ ವಿದೇಶಾಂಗ ಇಲಾಖೆಯೇ ಹೇಳಿತು. ಮಾಪನ ಕೇಂದ್ರದ ರಿಪೇರಿ ನಡೆಯುತ್ತಿದೆ ಎಂದು ಚೀನಾ ಹೇಳಿತು. ಬಾಂಗ್ಲಾದೇಶಕ್ಕೆ ಮಾತ್ರ ಅಂಕಿಗಳು ಹೋಗುತ್ತಿದ್ದವು ಎಂಬ ವರದಿಗಳು ಬಂದವು. ಆ ವರ್ಷ ಅಸ್ಸಾಂ ನೆರೆಯಲ್ಲಿ ಮುಳುಗಿತ್ತು. ಮರುವರ್ಷ ಸಂಬಂಧ ಸುಧಾರಿಸಿತು, ಅಂಕಿಗಳೂ ಬಂದವು. ಆ ಒಪ್ಪಂದದ ಅವಧಿ 2023ರಲ್ಲಿ ಮುಗಿಯಿತು.

ನದಿಯ ನೀರಿನಷ್ಟೇ ನದಿಯ ಲೆಕ್ಕವೂ ಜಗಳದ ವಸ್ತು. ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾವೇರಿಯ ಗಲಾಟೆ ಎಷ್ಟೇ ಜೋರಾಗಿದ್ದರೂ ಎರಡೂ ರಾಜ್ಯಗಳು ಕೊನೆಗೆ ನೋಡುವುದು ಬಿಳಿಗುಂಡ್ಲುವಿನ ಮಾಪನವನ್ನೇ. 2018ರಲ್ಲಿ ಸುಪ್ರೀಂ ಕೋರ್ಟ್ 177.25 ಟಿಎಂಸಿ ಎಂದಾಗ, ಆ ನೀರನ್ನು ಅಳೆಯುವ ಜಾಗ ಅದೇ ಎಂದಿತು. ಅಲ್ಲಿ ಅಳೆಯುವವರು ಕೇಂದ್ರ ಜಲ ಆಯೋಗದವರು. ಕರ್ನಾಟಕದವರೂ ಅಲ್ಲ, ತಮಿಳುನಾಡಿನವರೂ ಅಲ್ಲ. ಅಳತೆಗೋಲು ಮೂರನೆಯವರ ಕೈಯಲ್ಲಿ ಇರುವುದರಿಂದಲೇ ಜಗಳ ಕನಿಷ್ಠ ಒಂದು ಅಂಕಿಯಿಂದ ಶುರುವಾಗುತ್ತದೆ. ದೇಶ-ದೇಶಗಳ ನಡುವೆ ಇಂಥ ಆಯೋಗ ಎಲ್ಲಿದೆ? ಬಹುಪಾಲು ಕಡೆ ಇಲ್ಲ. ಆ ಖಾಲಿ ಜಾಗದಲ್ಲಿ ಈಗ ಉಪಗ್ರಹ ಬಂದು ಕೂತಿದೆ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮೆಕಾಂಗ್ ನದಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸ್ವಲ್ಪ ನಿಧಾನವಾಗಿ ನೋಡೋಣ.

ಮೆಕಾಂಗ್ ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ ಚೀನಾದ ಯುನ್ನಾನ್ ದಾಟಿ ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ ಮೂಲಕ ಸಮುದ್ರ ಸೇರುತ್ತದೆ. ಚೀನಾದಲ್ಲಿ ಅದರ ಹೆಸರು ಲಾನ್‌ಸಾಂಗ್. 2020ರ ಹೊತ್ತಿಗೆ ಚೀನಾ ತನ್ನ ಭಾಗದಲ್ಲಿ ಮುಖ್ಯ ನದಿಗೇ 11 ಅಣೆಕಟ್ಟು ಕಟ್ಟಿತ್ತು. 2019ರ ಮಳೆಗಾಲದಲ್ಲಿ ಕೆಳಗಿನ ದೇಶಗಳಲ್ಲಿ ನದಿ ಬತ್ತಿತು. ಮರಳ ದಿಬ್ಬಗಳು ಮೇಲೆದ್ದವು. ಕಾಂಬೋಡಿಯಾದ ಟೋನ್ಲೆ ಸಾಪ್ ಸರೋವರಕ್ಕೆ ಪ್ರತಿ ಮಳೆಗಾಲದಲ್ಲೂ ಮೆಕಾಂಗ್ ನೀರು ಹಿಮ್ಮುಖವಾಗಿ ನುಗ್ಗುತ್ತದೆ. ಆ ನೀರಿನ ಜೊತೆ ಮೀನು ಬರುತ್ತದೆ, ಲಕ್ಷಾಂತರ ಜನರ ಊಟ ಬರುತ್ತದೆ. ಆ ವರ್ಷ ನೀರು ತಡವಾಗಿ ಬಂತು. ಬಂದಿದ್ದೂ ಕಮ್ಮಿ.

ಚೀನಾ ಏನು ಹೇಳಿತು? ನಮಗೂ ಮಳೆ ಇಲ್ಲ, ಯುನ್ನಾನ್‌ನಲ್ಲೂ ಬರ ಎಂದಿತು. ಅಲ್ಲ ಎಂದು ಹೇಳಲು ಕೆಳಗಿನವರ ಕೈಯಲ್ಲಿ ಏನೂ ಇರಲಿಲ್ಲ. ಗಡಿಯಾಚೆಯ ಅಂಕಿಗಳು ಬರುತ್ತಿದ್ದದ್ದೇ ಮಳೆಗಾಲದ ಕೆಲವು ತಿಂಗಳು ಮಾತ್ರ.

2020ರ ಏಪ್ರಿಲ್‌ನಲ್ಲಿ ‘ಐಸ್ ಆನ್ ಅರ್ಥ್’ (ಭೂಮಿಯ ಮೇಲೆ ಕಣ್ಣು) ಎಂಬ ಅಮೆರಿಕದ ಒಂದು ಸಣ್ಣ ಸಂಸ್ಥೆ ಒಂದು ಅಧ್ಯಯನ ಹೊರತಂದಿತು. ಅವರು ಬಳಸಿದ್ದು ಹವಾಮಾನ ಉಪಗ್ರಹಗಳ ಮೈಕ್ರೋವೇವ್ ಅಳತೆಗಳನ್ನು. ನೆಲ ಒದ್ದೆಯಿದ್ದರೆ ಅದು ಹೊರಸೂಸುವ ಮೈಕ್ರೋವೇವ್ ಬೇರೆ, ಒಣಗಿದ್ದರೆ ಬೇರೆ. ಮೋಡ ಅಡ್ಡ ಬಂದರೂ ಹೆಚ್ಚು ತೊಂದರೆಯಿಲ್ಲ. ಹೀಗೆ 1992ರಿಂದ 2019ರವರೆಗೆ ಯುನ್ನಾನ್‌ನ ನೆಲ ಎಷ್ಟು ಒದ್ದೆಯಿತ್ತು ಎಂದು ಲೆಕ್ಕ ಹಾಕಿದರು. ಅಷ್ಟು ಒದ್ದೆಯಿದ್ದರೆ ಥಾಯ್ಲೆಂಡ್‌ನ ಚಿಯಾಂಗ್ ಸೇನ್‌ನಲ್ಲಿ, ಅಂದರೆ ಚೀನಾ ದಾಟಿದ ನಂತರದ ಮೊದಲ ಮುಖ್ಯ ಮಾಪನ ಕೇಂದ್ರದಲ್ಲಿ, ಎಷ್ಟು ನೀರು ಬರಬೇಕಿತ್ತು ಎಂದು ಅಂದಾಜು ಮಾಡಿದರು. ನಿಜವಾಗಿ ಬಂದ ನೀರಿನ ಜೊತೆ ಅದನ್ನು ಹೋಲಿಸಿದರು. 2019ರಲ್ಲಿ ಎರಡಕ್ಕೂ ದೊಡ್ಡ ಅಂತರ. ಮೇಲೆ ನೀರಿತ್ತು, ಅದು ಕೆಳಗೆ ಬರಲಿಲ್ಲ ಎಂಬುದು ಅವರ ತೀರ್ಮಾನ.

ಚೀನಾ ಇದನ್ನು ಖಂಡಿಸಿತು. ವಿಧಾನದ ಬಗ್ಗೆ ಕೆಲವು ನೀರಾವರಿ ತಜ್ಞರೂ ತಕರಾರು ತೆಗೆದರು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ಅಧ್ಯಯನಕ್ಕೆ ಹಣ ಕೊಟ್ಟಿದ್ದು ಅಮೆರಿಕದ ವಿದೇಶಾಂಗ ಇಲಾಖೆ. ಮೆಕಾಂಗ್ ದೇಶಗಳು ಚೀನಾ ಕಡೆ ವಾಲುತ್ತಿದ್ದ ಕಾಲ ಅದು. ಅಮೆರಿಕಕ್ಕೆ ಅಲ್ಲಿ ಒಂದು ಹಿಡಿತ ಬೇಕಿತ್ತು. ಅಧ್ಯಯನದ ಹಿಂದೆ ಸ್ವಾರ್ಥವಿತ್ತು ಎಂದ ಮಾತ್ರಕ್ಕೆ ಅಂಕಿ ಸುಳ್ಳಾಗುವುದಿಲ್ಲ. ಆದರೆ ಆ ಹಿತಾಸಕ್ತಿಯನ್ನು ತಿಳಿದೇ ಓದಬೇಕು.

ನಂತರ ನಡೆದಿದ್ದು ಮುಖ್ಯ. ಆಗಸ್ಟ್‌ನಲ್ಲಿ ಚೀನಾದ ಆಗಿನ ಪ್ರಧಾನಿ ಲಿ ಕೆಚಿಯಾಂಗ್, ಇನ್ನು ಮುಂದೆ ವರ್ಷವಿಡೀ ನದಿಯ ಮಾಹಿತಿ ಕೊಡುತ್ತೇವೆ ಎಂದು ಘೋಷಿಸಿದರು. ಅಕ್ಟೋಬರ್‌ನಲ್ಲಿ, ಕೆಳಗಿನ ದೇಶಗಳು ಸೇರಿ ಕಟ್ಟಿಕೊಂಡ ಮೆಕಾಂಗ್ ನದಿ ಆಯೋಗದ ಜೊತೆ ಒಪ್ಪಂದ ಆಯಿತು. ಅದೇ ವರ್ಷದ ಕೊನೆಗೆ ಚೀನಾ ತನ್ನದೇ ಮಾಹಿತಿ ಜಾಲತಾಣ ತೆರೆಯಿತು. ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ಸ್ಟಿಮ್ಸನ್ ಸೆಂಟರ್ ಎಂಬ ಸಂಶೋಧನಾ ಸಂಸ್ಥೆ ‘ಮೆಕಾಂಗ್ ಡ್ಯಾಮ್ ಮಾನಿಟರ್’ ಶುರು ಮಾಡಿತು. ಯಾವ ಡ್ಯಾಮಿನಲ್ಲಿ ಎಷ್ಟು ನೀರಿದೆ ಎಂದು ಉಪಗ್ರಹ ಚಿತ್ರ ನೋಡಿ ವಾರವಾರ ಹೇಳುವ ತಾಣ ಅದು. ವರ್ಷಗಟ್ಟಲೆ ಕೇಳಿದರೂ ಸಿಗದಿದ್ದ ಮಾಹಿತಿ ಒಂದೇ ವರ್ಷದಲ್ಲಿ ಎರಡೆರಡು ಕಡೆಯಿಂದ ಬರತೊಡಗಿತು. ಮೇಲಿನಿಂದ ಯಾರೋ ನೋಡುತ್ತಿದ್ದಾರೆ ಎಂದಾದ ಮೇಲೆ ಮುಚ್ಚಿಡುವುದರಿಂದ ಲಾಭ ಕಮ್ಮಿ, ಅಲ್ವಾ?

ಈಗ ಹಣದ ಪ್ರಶ್ನೆ. ಒಂದು ಉಪಗ್ರಹಕ್ಕೆ ಸಾವಿರಾರು ಕೋಟಿ ಸುರಿದು, ಅದರ ಚಿತ್ರಗಳನ್ನು ಪುಕ್ಕಟೆ ಹಂಚುವುದು ಏಕೆ?

ಮೊದಲು ಹೀಗಿರಲಿಲ್ಲ. ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. 80ರ ದಶಕದಲ್ಲಿ ಅದರ ಚಿತ್ರ ಮಾರುವ ಕೆಲಸವನ್ನು ಖಾಸಗಿಯವರಿಗೆ ಕೊಟ್ಟರು. ಒಂದು ಚಿತ್ರಕ್ಕೆ ನಾಲ್ಕು ಸಾವಿರ ಡಾಲರ್ ದಾಟಿತು. ಬಡ ದೇಶಗಳು ಹೋಗಲಿ, ಅಮೆರಿಕದ ವಿಶ್ವವಿದ್ಯಾಲಯಗಳೇ ಕೊಳ್ಳಲು ಹಿಂಜರಿದವು. 2008ರಲ್ಲಿ ಅಮೆರಿಕ ಇಡೀ ಸಂಗ್ರಹವನ್ನು ಉಚಿತ ಮಾಡಲು ತೀರ್ಮಾನಿಸಿತು. ಮೊದಲು ವರ್ಷಕ್ಕೆ ಸಾವಿರಗಳ ಲೆಕ್ಕದಲ್ಲಿ ಹೋಗುತ್ತಿದ್ದ ಚಿತ್ರಗಳು ಲಕ್ಷ ಲಕ್ಷ ಡೌನ್‌ಲೋಡ್ ಆದವು. ಬ್ರೆಜಿಲ್ ಇದಕ್ಕಿಂತ ಮೊದಲೇ ಈ ದಾರಿ ಹಿಡಿದಿತ್ತು. ಚೀನಾ ಜೊತೆ ಸೇರಿ ಮಾಡಿದ ಸಿಬರ್ಸ್ ಉಪಗ್ರಹದ ಚಿತ್ರಗಳನ್ನು 2004ರಲ್ಲೇ ತನ್ನ ಜನರಿಗೆ ಉಚಿತ ಮಾಡಿತು. 2007ರಲ್ಲಿ ಚೀನಾ ಮತ್ತು ಬ್ರೆಜಿಲ್ ಎರಡೂ ಸೇರಿ ಆಫ್ರಿಕಾ ದೇಶಗಳಿಗೂ ಕೊಡುವುದಾಗಿ ಹೇಳಿದವು. ಯುರೋಪಿನ ಸೆಂಟಿನೆಲ್ ಉಪಗ್ರಹಗಳು 2014ರಿಂದ ಮೇಲೆ ಹೋದವು. ಅವುಗಳ ಚಿತ್ರ ಮೊದಲ ದಿನದಿಂದಲೇ ಎಲ್ಲರಿಗೂ ಉಚಿತ.

ನಾನು ಕೆಲವು ತಿಂಗಳ ಹಿಂದೆ ಹಾಸನ ಜಿಲ್ಲೆಯ ನಮ್ಮೂರ ಕೆರೆಯ ಚಿತ್ರ ಹುಡುಕಿದೆ. ಸೆಂಟಿನೆಲ್-2ರ ತಾಣದಲ್ಲಿ ಸುಮ್ನೆ ಒಂದು ಖಾತೆ ತೆರೆದರೆ ಸಾಕು, ದುಡ್ಡು ಕೇಳುವುದಿಲ್ಲ. ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್. ಐದು ದಿನಕ್ಕೊಮ್ಮೆ ಹೊಸ ಚಿತ್ರ. ಇನ್‌ಫ್ರಾರೆಡ್ ಬಣ್ಣಕ್ಕೆ ಬದಲಿಸಿದೆ. ನೀರು ಕಪ್ಪಾಯಿತು, ಹಸಿರೆಲ್ಲ ಕೆಂಪಾಯಿತು. ಕೆರೆಯ ಉತ್ತರದ ಅಂಚಿನಲ್ಲಿ ದಪ್ಪ ಕೆಂಪು ಪಟ್ಟಿ. ಅದು ಜೊಂಡು. ಐದು ವರ್ಷದ ಹಿಂದಿನ ಅದೇ ತಿಂಗಳ ಚಿತ್ರ ತೆಗೆದೆ. ಅಲ್ಲಿ ಕೆಂಪು ತೆಳ್ಳಗೆ ಒಂದು ಗೆರೆಯಷ್ಟೇ ಇತ್ತು. ಜೊಂಡು ನಮ್ಮ ಕೆರೆಯನ್ನು ಒತ್ತಿಕೊಂಡು ಬರುತ್ತಿದೆ ಎಂಬುದನ್ನು ಯುರೋಪಿನ ಉಪಗ್ರಹ ನನಗೆ ತೋರಿಸಿತು. ಏರಿಯ ಮೇಲೆ ಎಷ್ಟು ಸಲ ಓಡಾಡಿದರೂ ನನಗೆ ಅದು ಹೊಳೆದಿರಲಿಲ್ಲ.

ಪ್ರಭಾವ ಎಂಬುದು ಇಲ್ಲಿಂದಲೇ ಶುರುವಾಗುತ್ತದೆ. ಮುಂದಿನ ಸಲ ಕೆರೆ ನೋಡಬೇಕು ಎನಿಸಿದಾಗ ನನ್ನ ಕೈ ಅದೇ ತಾಣಕ್ಕೆ ಹೋಗುತ್ತದೆ. ಕಠ್ಮಂಡುವಿನ ಎಂಜಿನಿಯರ್, ಢಾಕಾದ ವಿದ್ಯಾರ್ಥಿ, ಕೊಲಂಬೊದ ಕೃಷಿ ಅಧಿಕಾರಿ ಕೂಡ ಹಾಗೆಯೇ. ಯಾರ ಡೇಟಾ ಮೇಲೆ ಕಲಿತರೋ ಅವರ ಸಾಫ್ಟ್‌ವೇರ್, ಅವರ ತರಬೇತಿ, ಅವರ ಪರಿಭಾಷೆ ಇವರ ಕೈಗೆ ಹತ್ತುತ್ತದೆ. ಚೀನಾಕ್ಕೂ ಇದು ಚೆನ್ನಾಗಿ ಗೊತ್ತಿದೆ. 2018ರಲ್ಲಿ ಹಾರಿಸಿದ ಫೆಂಗ್‌ಯುನ್-2ಎಚ್ ಹವಾಮಾನ ಉಪಗ್ರಹವನ್ನು ಅದು ನಿಲ್ಲಿಸಿದ್ದು ಹಿಂದೂ ಮಹಾಸಾಗರದ ಮೇಲೆ. ಬೆಲ್ಟ್ ಅಂಡ್ ರೋಡ್ ಯೋಜನೆಯ ದೇಶಗಳಿಗೆ ಚಂಡಮಾರುತ, ಧೂಳಿನ ಬಿರುಗಾಳಿಗಳ ಚಿತ್ರ ಕೊಡಲು ಎಂದು ಹೇಳಿಯೇ ಇಟ್ಟಿತು.

ಭಾರತ ಈ ಆಟಕ್ಕೆ ದೊಡ್ಡ ಸದ್ದಿನೊಂದಿಗೆ ಇಳಿದಿದ್ದು 2014ರಲ್ಲಿ. ಆ ವರ್ಷ ಜೂನ್ 30ರಂದು ಶ್ರೀಹರಿಕೋಟಾದಲ್ಲಿ ಪ್ರಧಾನಿ ಮೋದಿ, ಸಾರ್ಕ್ ದೇಶಗಳಿಗಾಗಿ ಒಂದು ಉಪಗ್ರಹ ಮಾಡಿ ಎಂದು ಇಸ್ರೋಗೆ ಹೇಳಿದರು. ಪಾಕಿಸ್ತಾನ ಹೊರಗುಳಿಯಿತು. ಸಾರ್ಕ್ ಉಪಗ್ರಹ ಎಂಬ ಹೆಸರು ದಕ್ಷಿಣ ಏಷ್ಯಾ ಉಪಗ್ರಹ ಎಂದಾಯಿತು. 2017ರ ಮೇ 5ರಂದು 2,230 ಕೆಜಿಯ ಜಿಸ್ಯಾಟ್-9 ಹಾರಿತು. ಉಡಾವಣೆ ಸೇರಿ ಸುಮಾರು 450 ಕೋಟಿ ರೂಪಾಯಿ ಖರ್ಚು, ಎಲ್ಲವೂ ಭಾರತದ್ದೇ. ಅದನ್ನು ಕಕ್ಷೆಗೆ ಏರಿಸಿದ್ದು ಹಾಸನದ ಸಾಲಗಾಮೆ ರಸ್ತೆಯ ಮುಖ್ಯ ನಿಯಂತ್ರಣ ಕೇಂದ್ರದಿಂದ. ನಾವು ಚಿಕ್ಕವರಿದ್ದಾಗ ಬಸ್ಸಿನ ಕಿಟಕಿಯಿಂದ ಆ ಬಿಳಿ ಬಾಣಲೆಗಳನ್ನು ಎಣಿಸುತ್ತಿದ್ದೆವು. ಆರು ನೆರೆ ದೇಶಗಳ ನಾಯಕರು ವಿಡಿಯೋದಲ್ಲಿ ಬಂದು ಭಾರತಕ್ಕೆ ಥ್ಯಾಂಕ್ಸ್ ಹೇಳಿದ ದಿನ, ಕೆಲಸ ನಡೆಯುತ್ತಿದ್ದದ್ದು ಆ ಬಾಣಲೆಗಳಲ್ಲಿ.

ಅದು ಒಳ್ಳೆಯ ಮನಸ್ಸಿನ ಕೆಲಸ. ಆದರೂ ಅದರಿಂದ ನಿರೀಕ್ಷಿಸಿದಷ್ಟು ಫಲ ಬರಲಿಲ್ಲ ಎಂದೇ ನನಗೆ ಅನಿಸುತ್ತದೆ. ಅದು ಚಿತ್ರ ತೆಗೆಯುವ ಉಪಗ್ರಹ ಅಲ್ಲ, ಸಂಪರ್ಕದ ಉಪಗ್ರಹ. ನೆಲದಿಂದ ಬಂದ ಸಂಕೇತ ಹಿಡಿದು ಮರಳಿ ಕಳಿಸುವ 12 ಕು-ಬ್ಯಾಂಡ್ ಟ್ರಾನ್ಸ್‌ಪಾಂಡರ್ ಅದರಲ್ಲಿವೆ. ಅದನ್ನು ಬಳಸಲು ಆಯಾ ದೇಶದಲ್ಲಿ ನೆಲದ ಮೇಲೆ ಕೇಂದ್ರ ಬೇಕು, ಜನ ಬೇಕು. ಭೂತಾನ್‌ನ ಥಿಂಪುವಿನಲ್ಲಿ ಅಂಥ ಕೇಂದ್ರ ಉದ್ಘಾಟನೆಯಾಗುವ ಹೊತ್ತಿಗೆ 2019ರ ಆಗಸ್ಟ್ ಆಗಿತ್ತು. ಅಷ್ಟರಲ್ಲಿ ಬಾಂಗ್ಲಾದೇಶ ತನ್ನದೇ ಬಂಗಬಂಧು-1 ಉಪಗ್ರಹವನ್ನು ಫ್ರಾನ್ಸ್‌ನ ಕಂಪನಿಯಿಂದ ಮಾಡಿಸಿ, ಅಮೆರಿಕದ ಸ್ಪೇಸ್‌ಎಕ್ಸ್ ರಾಕೆಟ್‌ನಲ್ಲಿ 2018ರ ಮೇನಲ್ಲಿ ಹಾರಿಸಿತ್ತು. ದುಡ್ಡು ಕೊಟ್ಟಾದರೂ ಸರಿ, ತಮ್ಮದೇ ಇರಲಿ ಎಂದಿತು ಢಾಕಾ. ಪಾಕಿಸ್ತಾನದ ತಕರಾರೂ ಇದೇ ಜಾತಿಯದು. ಸೇರಿ ಮಾಡೋಣ ಎಂದರೆ ಭಾರತ ಒಪ್ಪಲಿಲ್ಲ ಎಂಬುದು ಅವರ ಮಾತು. ಅವರ ಉದ್ದೇಶ ಏನೇ ಇರಲಿ, ಸೇರಿ ಮಾಡುವುದಕ್ಕೂ ಮಾಡಿ ಕೊಡುವುದಕ್ಕೂ ವ್ಯತ್ಯಾಸ ಇದೆ. ಮನೆಯಲ್ಲೇ ನೋಡಿ. ಪಕ್ಕದ ಮನೆಯವರು ದಿನಾ ಸಾರು ತಂದುಕೊಟ್ಟರೆ ಸ್ವಲ್ಪ ದಿನಕ್ಕೆ ಸಂಕೋಚ ಶುರುವಾಗುತ್ತದೆ. ಸೇರಿ ಅಡುಗೆ ಮಾಡಿದರೆ ಆ ಸಂಕೋಚ ಇರುವುದಿಲ್ಲ.

ಭೂತಾನ್ ಜೊತೆ ಮುಂದೆ ನಡೆದದ್ದು ಈ ಎರಡನೆಯ ಬಗೆಯದು. 2022ರ ನವೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ54ರಲ್ಲಿ ಭಾರತ-ಭೂತಾನ್ ಸೇರಿ ಮಾಡಿದ ಒಂದು ಪುಟ್ಟ ಉಪಗ್ರಹ ಹೋಯಿತು. ತೂಕ ಸುಮಾರು 18 ಕೆಜಿ. ಒಂದು ದೊಡ್ಡ ಅಕ್ಕಿ ಮೂಟೆಗಿಂತಲೂ ಹಗುರ. ಚಿತ್ರ ತೆಗೆಯುವ ಉಪಕರಣ ಇಸ್ರೋದ್ದು, ರೇಡಿಯೋ ಉಪಕರಣ ಭೂತಾನ್‌ನವರದ್ದು. ಭೂತಾನ್‌ನ ಎಂಜಿನಿಯರ್‌ಗಳು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರಕ್ಕೆ ಬಂದು, ಉಪಗ್ರಹ ಕಟ್ಟುವುದು, ಪರೀಕ್ಷಿಸುವುದು, ಡೇಟಾ ಓದುವುದು ಕಲಿತು ಹೋದರು. ಅದೇ ಕೇಂದ್ರದಲ್ಲಿ 2019ರಿಂದ ‘ಉನ್ನತಿ’ ಎಂಬ ತರಬೇತಿಯೂ ನಡೆದಿದೆ. ಮೊದಲ ತಂಡದಲ್ಲೇ 17 ದೇಶಗಳ 30 ಜನ ಬಂದಿದ್ದರು. ಇಷ್ಟು ಸಣ್ಣ ಯೋಜನೆಗಳ ಬಗ್ಗೆ ಟಿವಿಯಲ್ಲಿ ಚರ್ಚೆ ಆಗುವುದಿಲ್ಲ. ಜಿಸ್ಯಾಟ್-9ರ ಮುಂದೆ ಇವು ಪುಡಿಗಾಸು. ಆದರೆ ಇನ್ನು ಇಪ್ಪತ್ತು ವರ್ಷ ಥಿಂಪುವಿನ ಸರ್ಕಾರಿ ಕಚೇರಿಯಲ್ಲಿ ಉಪಗ್ರಹ ಚಿತ್ರ ಓದುವ ವ್ಯಕ್ತಿಗೆ ಬೆಂಗಳೂರಿನ ಹೋಟೆಲ್ ಇಡ್ಲಿ ಗೊತ್ತಿರುತ್ತದೆ, ಇಲ್ಲಿನ ಎಂಜಿನಿಯರ್‌ನ ಫೋನ್ ನಂಬರ್ ಗೊತ್ತಿರುತ್ತದೆ. ನನ್ನ ಲೆಕ್ಕದಲ್ಲಿ ಅದಕ್ಕೇ ತೂಕ ಜಾಸ್ತಿ.

ತೆಗೆದುಕೊಳ್ಳುವವರ ಭಯವನ್ನೂ ಅರ್ಥ ಮಾಡಿಕೊಳ್ಳಬೇಕು. ಮಾಲ್ಡೀವ್ಸ್‌ನ ಉದಾಹರಣೆ ನೋಡಿ. ಉಪಗ್ರಹದ್ದಲ್ಲ, ಸಮುದ್ರ ಸಮೀಕ್ಷೆಯದ್ದು. ಆದರೆ ವಿಷಯ ಒಂದೇ. ಅವರ ಸಮುದ್ರದ ಆಳ, ತಳ ಅಳೆದು ನಕ್ಷೆ ಮಾಡಿಕೊಡಲು ನಮ್ಮ ನೌಕಾಪಡೆಯ ಜೊತೆ 2019ರಲ್ಲಿ ಒಪ್ಪಂದ ಆಗಿತ್ತು. ನಮ್ಮ ಹಡಗುಗಳು ಹೋಗಿ ಅಳೆದವು. 2023ರ ಡಿಸೆಂಬರ್‌ನಲ್ಲಿ ಹೊಸ ಅಧ್ಯಕ್ಷ ಮುಯಿಝು ಸರ್ಕಾರ, ಇದನ್ನು ಮುಂದುವರಿಸುವುದಿಲ್ಲ ಎಂದಿತು. ನಮ್ಮ ಸಮುದ್ರದ ಮಾಹಿತಿ ನಮ್ಮ ಕೈಯಲ್ಲೇ ಇರಬೇಕು ಎಂಬುದು ಅವರ ವಾದ. ಆಗ ನಮ್ಮಲ್ಲಿ ಅನೇಕರಿಗೆ ಸಿಟ್ಟು ಬಂತು. ಅಲ್ಲಿ ‘ಇಂಡಿಯಾ ಔಟ್’ ರಾಜಕೀಯ ಇತ್ತು, ಚೀನಾ ಕಡೆಗಿನ ಒಲವೂ ಇತ್ತು, ನಿಜ. ಆದರೆ ನಮ್ಮ ಕರಾವಳಿಯ ಆಳವನ್ನು ಬೇರೆ ದೇಶದ ನೌಕಾಪಡೆ ಅಳೆದು ಒಂದು ಪ್ರತಿ ತಾನೇ ಇಟ್ಟುಕೊಂಡರೆ ನಾವು ಸುಮ್ಮನಿರುತ್ತೇವಾ? ಚಿತ್ರ ತೆಗೆದವರ ಕೈಯಲ್ಲಿ ಒಂದು ಪ್ರತಿ ಇದ್ದೇ ಇರುತ್ತದೆ. ಸಣ್ಣ ದೇಶದ ಅನುಮಾನ ಅಲ್ಲಿಂದ ಹುಟ್ಟುತ್ತದೆ.

ಇನ್ನೊಂದು ಅನುಮಾನ, ನಲ್ಲಿ ಯಾವಾಗ ಬೇಕಾದರೂ ನಿಲ್ಲಬಹುದು ಎಂಬುದು. 2025ರ ಮಾರ್ಚ್‌ನಲ್ಲಿ ಅದು ಜಗತ್ತಿಗೇ ಕಂಡಿತು. ಯುದ್ಧದ ನಡುವೆ ಇದ್ದ ಉಕ್ರೇನ್‌ಗೆ ಅಮೆರಿಕದ ಸರ್ಕಾರಿ ವ್ಯವಸ್ಥೆಯ ಮೂಲಕ ಸಿಗುತ್ತಿದ್ದ ಮ್ಯಾಕ್ಸಾರ್ ಕಂಪನಿಯ ಚಿತ್ರಗಳು ಕೆಲವು ದಿನ ನಿಂತವು. ಮಾತುಕತೆಗೆ ಉಕ್ರೇನ್ ಒಪ್ಪಿದ ಮೇಲೆ ಮತ್ತೆ ಬಂದವು. ಯುದ್ಧ ಇಲ್ಲದ ಕಡೆಯೂ ಹೀಗಾಯಿತು. ನಾಸಾ ಮತ್ತು ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಸೇರಿ ನಡೆಸುತ್ತಿದ್ದ ಸರ್ವಿರ್ ಯೋಜನೆ 2010ರಿಂದ ಕಠ್ಮಂಡುವಿನ ಇಸಿಮೋಡ್‌ನಲ್ಲಿ ಕೆಲಸ ಮಾಡುತ್ತಿತ್ತು. ಪ್ರವಾಹ, ಕಾಡ್ಗಿಚ್ಚು, ಬೆಳೆ ನೋಡಿಕೊಳ್ಳಲು ಉಪಗ್ರಹ ಚಿತ್ರ ಬಳಸುವುದನ್ನು ಹಿಮಾಲಯದ ದೇಶಗಳಿಗೆ ಕಲಿಸುತ್ತಿತ್ತು. 2025ರಲ್ಲಿ ಅಮೆರಿಕ ಸರ್ಕಾರ ಯುಎಸ್‌ಏಡ್ ಅನ್ನೇ ಮುಚ್ಚಿತು. ಅದರದ್ದೇ ಹಣದಲ್ಲಿ ಕ್ಷಾಮದ ಮುನ್ಸೂಚನೆ ಕೊಡುತ್ತಿದ್ದ ಫ್ಯೂಸ್ ನೆಟ್ ಜಾಲತಾಣ ಆ ಜನವರಿಯಲ್ಲಿ ರಾತ್ರೋರಾತ್ರಿ ಕಣ್ಮರೆಯಾಗಿ, ತಿಂಗಳುಗಳ ನಂತರ ಮರಳಿತು. ಹತ್ತಾರು ವರ್ಷ ಗಳಿಸಿದ್ದ ವಿಶ್ವಾಸ ಅಲ್ಲಿ ಕೆಲವೇ ವಾರದಲ್ಲಿ ಕರಗಿತು.

ಸೇನೆಯ ವಿಷಯಕ್ಕೆ ಬಂದರೆ ಇದು ಇನ್ನೂ ಗಡುಸು. 2020ರ ಅಕ್ಟೋಬರ್‌ನಲ್ಲಿ ಭಾರತ ಅಮೆರಿಕದ ಜೊತೆ ಬೆಕಾ ಒಪ್ಪಂದಕ್ಕೆ ಸಹಿ ಹಾಕಿತು. ನಿಖರ ನಕ್ಷೆ, ಉಪಗ್ರಹ ಮಾಹಿತಿ ಪಡೆಯಲು. ಲಡಾಖ್‌ನಲ್ಲಿ ಚೀನಾ ಎದುರು ನಿಂತಿದ್ದ ವರ್ಷ ಅದು. ಆ ಕಡೆ ಚೀನಾ ಪಾಕಿಸ್ತಾನಕ್ಕೆ ಜಿಪಿಎಸ್‌ನಂಥ ತನ್ನ ಬೈದೋ ನ್ಯಾವಿಗೇಷನ್ ಕೊಟ್ಟಿದೆ, ಪಾಕಿಸ್ತಾನದ ಉಪಗ್ರಹಗಳನ್ನು ಹಾರಿಸಿದೆ. 2025ರ ಮೇ ಸಂಘರ್ಷದಲ್ಲಿ ಪಾಕಿಸ್ತಾನಕ್ಕೆ ಚೀನಾದಿಂದ ಲೈವ್ ಮಾಹಿತಿ ಸಿಗುತ್ತಿತ್ತು ಎಂದು ನಮ್ಮ ಸೇನೆಯ ಉಪ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ರಾಹುಲ್ ಸಿಂಗ್ ಆ ಜುಲೈನಲ್ಲಿ ಬಹಿರಂಗವಾಗಿ ಹೇಳಿದರು. ಮಿತ್ರರ ಕಣ್ಣು ಎರವಲು ಪಡೆಯುವುದು ಈಗಿನ ಯುದ್ಧದ ಭಾಗ.

ಹಾಗಾದರೆ ನೆರೆಯವರ ವಿಶ್ವಾಸ ಗಳಿಸುವ ದಾರಿ ಯಾವುದು? ನಮ್ಮ ಕೈಯಲ್ಲೇ ಅದರ ಮಾದರಿ ಇದೆ. ಅದು ಎಷ್ಟು ಹಳೆಯದೆಂದರೆ ನಾವು ಅದನ್ನು ಗಮನಿಸುವುದೇ ಬಿಟ್ಟಿದ್ದೇವೆ.

1970ರ ನವೆಂಬರ್‌ನಲ್ಲಿ ಆಗಿನ ಪೂರ್ವ ಪಾಕಿಸ್ತಾನಕ್ಕೆ ಭೋಲಾ ಚಂಡಮಾರುತ ಬಡಿಯಿತು. ಮೂರು ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಆಕಾಶದಲ್ಲಿ ಹವಾಮಾನ ಉಪಗ್ರಹ ಆಗಲೇ ಇತ್ತು, ಚಂಡಮಾರುತ ಕಂಡಿತ್ತು. ದ್ವೀಪಗಳ ಜನರಿಗೆ ಸುದ್ದಿ ಸರಿಯಾಗಿ ಮುಟ್ಟಲಿಲ್ಲ. ಅದಾಗಿ ಎರಡು ವರ್ಷಕ್ಕೆ ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದ ದೇಶಗಳ ಚಂಡಮಾರುತ ಸಮಿತಿ ಹುಟ್ಟಿತು. ಈಗ ಅದರಲ್ಲಿ 13 ದೇಶಗಳಿವೆ. ಪಾಕಿಸ್ತಾನ, ಇರಾನ್, ಸೌದಿ ಅರೇಬಿಯಾ, ಮ್ಯಾನ್ಮಾರ್ ಎಲ್ಲ ಇವೆ. ಇವರೆಲ್ಲರಿಗೂ ಸೂಚನೆ ಕೊಡುವ ಪ್ರಾದೇಶಿಕ ಕೇಂದ್ರ ದೆಹಲಿಯ ನಮ್ಮ ಹವಾಮಾನ ಇಲಾಖೆ. ಇನ್ಸ್ಯಾಟ್ ಉಪಗ್ರಹದ ಚಿತ್ರ ನೋಡಿ, ಚಂಡಮಾರುತ ಎದ್ದರೆ ಮೂರು ಗಂಟೆಗೊಮ್ಮೆ ಎಲ್ಲರಿಗೂ ಬುಲೆಟಿನ್ ಹೋಗುತ್ತದೆ.

2023ರ ಜೂನ್‌ನಲ್ಲಿ ಬಿಪರ್‌ಜಾಯ್ ಬಂದಾಗ ಭಾರತ-ಪಾಕಿಸ್ತಾನದ ನಡುವೆ ಮಾತುಕತೆಯೇ ಇರಲಿಲ್ಲ. ಚಂಡಮಾರುತ ಕಚ್ಛ್‌ನ ಜಖಾವು ಬಳಿ ನೆಲ ಮುಟ್ಟಿತು. ಅದಕ್ಕೂ ಮುಂಚೆ ಅದು ಕರಾಚಿ ಕಡೆ ಹೋಗುತ್ತದಾ, ಗುಜರಾತಿಗೆ ಬರುತ್ತದಾ ಎಂದು ಎರಡೂ ಕಡೆ ಆತಂಕ. ದೆಹಲಿಯ ಬುಲೆಟಿನ್ ಕರಾಚಿಗೂ ಹೋಗುತ್ತಿತ್ತು. ಅದಕ್ಕೆ ಯಾರೂ ಫೋನ್ ಮಾಡಿ ಕೇಳಬೇಕಾಗಿರಲಿಲ್ಲ. ಯಾವ ಮಂತ್ರಿಯೂ ಅನುಮತಿ ಕೊಡಬೇಕಾಗಿರಲಿಲ್ಲ. ಅದು ನಿಯಮ. ಆ ಚಂಡಮಾರುತಕ್ಕೆ ಹೆಸರು ಕೊಟ್ಟಿದ್ದು ಬಾಂಗ್ಲಾದೇಶ. 13 ದೇಶಗಳೂ ತಲಾ 13 ಹೆಸರು ಕೊಟ್ಟು ಮಾಡಿದ 169 ಹೆಸರುಗಳ ಪಟ್ಟಿಯನ್ನು ಈಗ ಎಲ್ಲರೂ ಬಳಸುತ್ತಾರೆ.

ಸಮುದ್ರದ ಬೇರೆ ಮಾಹಿತಿಯದ್ದೂ ಇದೇ ಕಥೆ. ಹೈದರಾಬಾದ್‌ನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹ ನೋಡಿ, ಎಲ್ಲಿ ನೀರಿನ ಬಿಸಿ ಮತ್ತು ಪಾಚಿಯ ಹಸಿರು ಬದಲಾಗಿದೆಯೋ ಅಲ್ಲಿ ಮೀನು ಸಿಗಬಹುದು ಎಂದು ಮಲ್ಪೆಯ ದೋಣಿಗಳಿಗೆ ಹೇಳುತ್ತದೆ. ಅದೇ ಸಂಸ್ಥೆ ಅಲೆ ಎಷ್ಟು ಎತ್ತರ ಏಳುತ್ತದೆ ಎಂಬ ಮುನ್ಸೂಚನೆಯನ್ನು ಶ್ರೀಲಂಕಾ, ಮಾಲ್ಡೀವ್ಸ್, ಸೇಶೆಲ್ಸ್‌ಗೂ ಕೊಡುತ್ತದೆ. ಹಿಂದೂ ಮಹಾಸಾಗರಕ್ಕೆ ಸುನಾಮಿ ಎಚ್ಚರಿಕೆ ಕೊಡುವ ಮೂರು ಕೇಂದ್ರಗಳಲ್ಲಿ ಅದೂ ಒಂದು. ಉಳಿದೆರಡು ಆಸ್ಟ್ರೇಲಿಯಾ, ಇಂಡೋನೇಷ್ಯಾದವು. ಮಾಲೆಯಲ್ಲಿ ಸರ್ಕಾರ ಯಾರದ್ದೇ ಇರಲಿ, ಅಲ್ಲಿನ ಮೀನುಗಾರನಿಗೆ ಈ ಮುನ್ಸೂಚನೆ ಬೇಕು.

ಇದಕ್ಕೆ ಹೋಲಿಸಿದರೆ ನದಿಗಳ ವಿಷಯದಲ್ಲಿ ನಾವೂ ಹಿಂದೆ ಬಿದ್ದಿದ್ದೇವೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಸಿಂಧೂ ಒಪ್ಪಂದವನ್ನು ಭಾರತ ಅಮಾನತಿನಲ್ಲಿಟ್ಟಿತು. ಒಪ್ಪಂದದ ಆಯೋಗದ ಮೂಲಕ ಮಾಹಿತಿ ಹೋಗುವುದು ನಿಂತಿತು. ಆ ಆಗಸ್ಟ್‌ನಲ್ಲಿ ತಾವಿ ನದಿ ಉಕ್ಕಿದಾಗ ನಮ್ಮ ಹೈಕಮಿಷನ್ ಮಾನವೀಯ ನೆಲೆಯಲ್ಲಿ ಇಸ್ಲಾಮಾಬಾದ್‌ಗೆ ಎಚ್ಚರಿಕೆ ಕೊಟ್ಟಿತು. ಕೊಟ್ಟಿದ್ದು ಸರಿ. ಆ ಸಿಟ್ಟಿನ ನಡುವೆಯೂ ಕೊಟ್ಟರಲ್ಲ ಎಂದು ನನಗೆ ಹೆಮ್ಮೆಯಾಯಿತು. ಆದರೆ ಅದು ಕೊಟ್ಟವರ ಮನಸ್ಸಿನ ಮೇಲೆ ನಿಂತ ಎಚ್ಚರಿಕೆ. 2017ರಲ್ಲಿ ಬ್ರಹ್ಮಪುತ್ರದ ಅಂಕಿಗಾಗಿ ನಾವು ಬೇರೆಯವರ ಮನಸ್ಸು ಕಾದಿದ್ದೆವು. ಆ ಕಾಯುವಿಕೆ ಹೇಗಿರುತ್ತದೆ ಎಂದು ಅಸ್ಸಾಂನ ಜನರನ್ನು ಕೇಳಬೇಕು.

ಈಗ ನಮ್ಮ ಬಳಿ ಏನಿದೆ ನೋಡಿ. 2024ರ ಏಪ್ರಿಲ್‌ನಲ್ಲಿ ಇಸ್ರೋ ಒಂದು ಲೆಕ್ಕ ಕೊಟ್ಟಿತು. ಭಾರತಕ್ಕೆ ಹರಿಯುವ ಹಿಮಾಲಯದ ನದಿಗಳ ಜಲಾನಯನದಲ್ಲಿ 10 ಹೆಕ್ಟೇರ್‌ಗಿಂತ ದೊಡ್ಡ 2,431 ಕೆರೆಗಳಿವೆ. ಅವುಗಳಲ್ಲಿ 676 ಹಿಮನದಿ ಕೆರೆಗಳು 1984ರಿಂದ ಈಚೆಗೆ ಗಮನಾರ್ಹವಾಗಿ ಹಿಗ್ಗಿವೆ. ಅದರಲ್ಲಿ ಭಾರತದೊಳಗೆ ಇರುವುದು 130 ಮಾತ್ರ. ಉಳಿದವು ಗಡಿಯಾಚೆ. ನೇಪಾಳ, ಭೂತಾನ್, ಟಿಬೆಟ್‌ನ ಕೆರೆಗಳ ಲೆಕ್ಕ ನಮ್ಮ ಬಳಿ ಇದೆ ಎಂದಾಯಿತು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲೋನಾಕ್ ಕೆರೆ ಒಡೆದಾಗ, 167 ಹೆಕ್ಟೇರ್ ಇದ್ದ ಕೆರೆ 60 ಹೆಕ್ಟೇರ್‌ಗೆ ಇಳಿದಿದೆ ಎಂದು ಇಸ್ರೋ ತೋರಿಸಿತು. ನಮ್ಮ ರಿಸ್ಯಾಟ್-1ಎ ಜೊತೆ ಯುರೋಪಿನ ಸೆಂಟಿನೆಲ್-1 ಚಿತ್ರವನ್ನೂ ಅದಕ್ಕೆ ಬಳಸಿಕೊಂಡಿತು. ಆ ಚಿತ್ರಗಳು ಜನರ ಮುಂದೆ ಬಂದಿದ್ದು ಒಡೆದ ಮೇಲೆ.

ಅದಕ್ಕೆ ಈಗ ನಿಸಾರ್ ಸೇರಿದೆ. ನಾಸಾ-ಇಸ್ರೋ ಜಂಟಿ ರೇಡಾರ್ ಉಪಗ್ರಹ. ಅಮೆರಿಕದ ಭಾಗಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದು, ಇಲ್ಲಿ ಜೋಡಣೆಯಾಗಿ, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. ರಸುವಾಗಢಿಯ ಸೇತುವೆ ಹೋಗಿ ಮೂರು ವಾರ ಆಗಿತ್ತಷ್ಟೆ. ಮೋಡ ಇದ್ದರೂ, ಕತ್ತಲಿದ್ದರೂ ಅದು ನೋಡುತ್ತದೆ. ನೆಲ ಕೆಲವು ಸೆಂಟಿಮೀಟರ್ ಸರಿದರೂ ಗೊತ್ತಾಗುತ್ತದೆ. ಒಂದೇ ಜಾಗಕ್ಕೆ 12 ದಿನಕ್ಕೊಮ್ಮೆ ಮರಳುತ್ತದೆ. ಅದರ ಡೇಟಾ ಎಲ್ಲರಿಗೂ ಉಚಿತ. 2023ರ ನಮ್ಮ ಬಾಹ್ಯಾಕಾಶ ನೀತಿಯೂ ಇಸ್ರೋದ, ಒಂದು ಚುಕ್ಕೆಗೆ 5 ಮೀಟರ್ ಮತ್ತು ಅದಕ್ಕಿಂತ ಒರಟಾದ ಚಿತ್ರಗಳನ್ನು ಉಚಿತ ಮಾಡಿತು. ಭೂನಿಧಿ ತಾಣದಲ್ಲಿ ಅವು ಸಿಗುತ್ತವೆ.

ಆದರೆ ಉಚಿತ ಚಿತ್ರ ಇದ್ದ ಮಾತ್ರಕ್ಕೆ ರಸುವಾದ ಜಿಲ್ಲಾಧಿಕಾರಿಗೆ ಸುದ್ದಿ ಮುಟ್ಟುವುದಿಲ್ಲ. ಭೋಟೆಕೋಶಿಯ ಮೇಲಿನ ಕೆರೆಯದ್ದೂ ಉಚಿತ ಚಿತ್ರಗಳಿದ್ದವು. ಅದನ್ನು ವಾರವಾರ ತೆರೆದು ನೋಡಿ, ಇದು ಹಿಗ್ಗುತ್ತಿದೆ ಎಂದು ಕೆಳಗಿನ ಊರಿನ ಹೆಸರು ಹಿಡಿದು ಹೇಳುವವರು ಇರಲಿಲ್ಲ. ಚಂಡಮಾರುತಕ್ಕೆ ದೆಹಲಿ ಮಾಡುವ ಕೆಲಸವನ್ನು ಹಿಮನದಿ ಕೆರೆಗಳಿಗೂ ಮಾಡಬಹುದು. ಪ್ರತಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಒಂದು ಬುಲೆಟಿನ್. ಯಾವ ಕೆರೆ ಎಷ್ಟು ಬೆಳೆಯಿತು, ಕೆಳಗೆ ಯಾವ ಸೇತುವೆ, ಯಾವ ಊರು. ಕಠ್ಮಂಡು, ಥಿಂಪು, ಢಾಕಾ, ಇಸ್ಲಾಮಾಬಾದ್, ಬೀಜಿಂಗ್ ಎಲ್ಲ ಕಡೆಗೂ ಒಂದೇ ದಿನ, ಒಂದೇ ಬುಲೆಟಿನ್. ಕೇಳಿದವರಿಗೂ ಕೇಳದವರಿಗೂ. ಅದನ್ನು ಓದಲು, ತಪ್ಪು ಕಂಡರೆ ತಿದ್ದಲು ನೇಪಾಳ, ಭೂತಾನ್‌ನ ಎಂಜಿನಿಯರ್‌ಗಳು ನಮ್ಮವರ ಪಕ್ಕದಲ್ಲೇ ಕೂತಿರಬೇಕು. ಜಿಸ್ಯಾಟ್-9ಕ್ಕೆ ಆದ ಖರ್ಚಿನ ಒಂದು ಚೂರು ಇದಕ್ಕೆ ಸಾಕು. ಉಪಗ್ರಹ ಮೇಲಿದೆ, ಕೆರೆಗಳ ಪಟ್ಟಿ ಇಸ್ರೋದ ಹೈದರಾಬಾದ್ ಕೇಂದ್ರದಲ್ಲಿದೆ, ಕಲಿಸುವ ಕೋಣೆ ಬೆಂಗಳೂರಿನಲ್ಲಿದೆ. ಮುಂದಿನ ಮಳೆಗಾಲಕ್ಕೆ ಮೊದಲ ಬುಲೆಟಿನ್ ಹೋಗಬಹುದು.